ಆರ್. ನಾಗೇಂದ್ರರಾಯರ ಚಿತ್ರಜೀವನ: ಕೊಲ್ಲಾಪುರದಿಂದ ಮದರಾಸಿಗೆ

ಕನ್ನಡ ವಾಕ್ಚಿತ್ರದ ಇತಿಹಾಸ ಆರಂಭವಾಗುವುದು ಕನ್ನಡ ನಾಡಿನೊಳಗಲ್ಲ. ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ತಯಾರಾದುದು ಕೊಲ್ಲಾಪುರದಲ್ಲಿ. ತರುವಾಯದ ಮೂರು ನಾಲ್ಕು ದಶಕಗಳ ಬಹುಪಾಲು ಚಿತ್ರಗಳು ರೂಪುಗೊಂಡುದು ಮದರಾಸಿನಲ್ಲಿ. ನಟರು, ಕವಿಗಳು, ಕಥೆಗಳು ಮೈಸೂರು ಸೀಮೆಯಿಂದ ಹೊರಟು ಬೇರೆ ಭಾಷೆಯ ನಗರವೊಂದಕ್ಕೆ ಹೋಗಿ, ಅಲ್ಲಿ ಫಿಲ್ಮಿನ ಡಬ್ಬಗಳಾಗಿ ಮಾರ್ಪಟ್ಟು, ರೈಲಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದವು. ಈ ಇಡೀ ಅವಧಿಯನ್ನು ನಟರಾಗಿ, ನಿರ್ದೇಶಕರಾಗಿ, ನಿರ್ಮಾಪಕರಾಗಿ ತಮ್ಮ ಬಾಳಿನಲ್ಲಿ ಕ್ರಮಿಸಿದವರು ವಿರಳ. ಅಂಥ ವಿರಳರಲ್ಲಿ ರಟ್ಟೀಹಳ್ಳಿ ನಾಗೇಂದ್ರರಾಯರು ಪ್ರಮುಖರು. ಅವರ ಚಿತ್ರಜೀವನದ ಬಹುಭಾಗ ಕನ್ನಡ ಚಿತ್ರಕ್ಕೆ ಪರರ ಸೂರಿನಡಿ ಒಂದಿಷ್ಟು ಜಾಗ ಹುಡುಕಿಕೊಡುವುದರಲ್ಲಿಯೇ ಸಂದಿತು. ಆ ಹುಡುಕಾಟದಲ್ಲಿ ಅವರೊಳಗಿನ ನಟನಿಗೆ ಎಷ್ಟು ಸಮಯ ಉಳಿಯಿತು ಎಂಬುದು ವಿಚಾರಾರ್ಹ.

ನಾಗೇಂದ್ರರಾಯರು ಹುಟ್ಟಿದುದು 1896ರ ಜೂನ್ 23ರಂದು, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ. ಬಾಲ್ಯದಲ್ಲಿಯೇ ರಂಗಭೂಮಿಯ ಸೆಳೆತಕ್ಕೆ ಒಳಗಾದ ಅವರು ವೃತ್ತಿನಾಟಕ ಮಂಡಳಿಗಳಲ್ಲಿ ಪಳಗಿದರು. ಆ ಕಾಲದ ಕಂಪನಿ ನಾಟಕವೆಂದರೆ ನಟನೊಬ್ಬನಿಗೆ ಪೂರ್ಣ ಪಾಠಶಾಲೆ. ಧ್ವನಿವರ್ಧಕವಿಲ್ಲದ ತಗಡಿನ ಮಂಟಪದಲ್ಲಿ ಕೊನೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಮಾತು ಮುಟ್ಟಬೇಕು. ಕಂದ, ವೃತ್ತ, ಸೀಸಪದ್ಯಗಳನ್ನು ರಾಗವಾಗಿ ಹಾಡಿ ಅರ್ಥವನ್ನೂ ಬಿಡಿಸಬೇಕು. ರಾತ್ರಿಯೆಲ್ಲ ಆಡಿ ಮರುದಿನ ಮತ್ತೊಂದು ಪಾತ್ರಕ್ಕೆ ಬಣ್ಣ ಹಚ್ಚಬೇಕು. ಈ ಶಿಕ್ಷಣದಿಂದ ಬಂದ ಗಡಸಾದ, ಸ್ಪಷ್ಟವಾದ ಉಚ್ಚಾರಣೆ ನಾಗೇಂದ್ರರಾಯರ ಗುರುತಾಯಿತು. ಹಾಡುಗಾರಿಕೆಯೂ ಅವರಿಗೆ ಒಲಿದಿತ್ತು. ಆದರೆ ಧೀರೋದಾತ್ತ ನಾಯಕನ ಪಾತ್ರಕ್ಕಿಂತ ಒಳಗೊಳಗೇ ತಿರುವುಗಳುಳ್ಳ ಪಾತ್ರಗಳತ್ತ ಅವರ ಒಲವು ಹೆಚ್ಚಾಗಿತ್ತೆಂದು ಅವರ ಪಾತ್ರಗಳ ಆಯ್ಕೆಯಿಂದಲೇ ಊಹಿಸಬಹುದು.

1930ರ ದಶಕದ ಆರಂಭದಲ್ಲಿ ಅವರು ಮತ್ತೊಬ್ಬ ಸಮರ್ಥ ನಟರಾದ ಎಂ.ವಿ. ಸುಬ್ಬಯ್ಯನಾಯ್ಡು ಅವರೊಡನೆ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಕಟ್ಟಿದರು. ಕನ್ನಡ ರಂಗಭೂಮಿ ಕಂಡ ಜೋಡಿಗಳಲ್ಲಿ ಇದು ಹೆಸರಾಂತುದು. ನಾಯ್ಡು ಅವರು ನಾಯಕನಾದರೆ ನಾಗೇಂದ್ರರಾಯರು ಅವನನ್ನು ಎದುರಿಸುವ, ಪರೀಕ್ಷಿಸುವ ಅಥವಾ ಮೋಸಗೊಳಿಸುವ ಪಾತ್ರ. ನಾಯ್ಡು ಅವರ ಪತ್ನಿ ಲಕ್ಷ್ಮೀಬಾಯಿ ಪ್ರಮುಖ ನಟಿ. ಈ ಹಂಚಿಕೆ ರಂಗದಿಂದ ತೆರೆಗೆ ಹಾಗೆಯೇ ಸಾಗಿಬಂದಿತು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನೆಲೆಸಿದ್ದ ರಾಜಸ್ಥಾನ ಮೂಲದ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ಅವರು ಸೌತ್ ಇಂಡಿಯಾ ಮೂವಿಟೋನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಕನ್ನಡ ವಾಕ್ಚಿತ್ರ ತಯಾರಿಸಲು ಮುಂದಾದರು. ಬೆಂಗಳೂರಿನಲ್ಲಿ ಶಬ್ದಗ್ರಹಣದ ಸೌಕರ್ಯವುಳ್ಳ ಸ್ಟುಡಿಯೋ ಇರಲಿಲ್ಲ. ಹೀಗಾಗಿ ಇಡೀ ತಂಡ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋಗೆ ಪ್ರಯಾಣ ಬೆಳೆಸಿತು. ನಿರ್ದೇಶಕರು ವೈ.ವಿ. ರಾವ್, ಕಥೆ, ಸಂಭಾಷಣೆ, ಹಾಡುಗಳು ಬೆಳ್ಳಾವೆ ನರಹರಿಶಾಸ್ತ್ರಿಗಳವು. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಲಕ್ಷ್ಮೀಬಾಯಿ ಮಂಡೋದರಿ, ನಾಗೇಂದ್ರರಾಯರು ರಾವಣ. ಸುಮಾರು 40,000 ರೂಪಾಯಿಗಳ ವೆಚ್ಚದಲ್ಲಿ, ಎರಡು ತಿಂಗಳಷ್ಟು ಅವಧಿಯಲ್ಲಿ ಸಿದ್ಧವಾದ ಈ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ‘ಭಕ್ತ ಧ್ರುವ’ ಇದಕ್ಕಿಂತ ಮೊದಲು ಆರಂಭಗೊಂಡಿದ್ದರೂ ಬಿಡುಗಡೆಯಲ್ಲಿ ಹಿಂದೆ ಬಿದ್ದುದರಿಂದ ಮೊದಲನೆಯದೆಂಬ ಗೌರವ ‘ಸತಿ ಸುಲೋಚನಾ’ಕ್ಕೆ ಸಂದಿತು.

ಆ ಚಿತ್ರದ ರಾವಣನ ಬಗೆಗೆ ಕೊಂಚ ನಿಂತು ಯೋಚಿಸಬೇಕು. ಸುಲೋಚನೆಯ ಕಥೆಯಲ್ಲಿ ರಾವಣನು ಕೇವಲ ಸೀತಾಪಹಾರಿಯಲ್ಲ. ಯುದ್ಧಕ್ಕೆ ಕಳುಹಿಸಿದ ಮಗ ಮರಳಿ ಬಾರದ ತಂದೆ, ಸೊಸೆಯ ವೈಧವ್ಯಕ್ಕೆ ಕಾರಣನಾದ ಮಾವ. ದರ್ಪ ಮತ್ತು ಪುತ್ರಶೋಕ ಎರಡನ್ನೂ ಒಂದೇ ದೇಹದಲ್ಲಿ ಹೊರಬೇಕಾದ ಪಾತ್ರವದು. ವಾಕ್ಚಿತ್ರದ ಆ ಮೊದಲ ದಿನಗಳಲ್ಲಿ ಇದು ಸುಲಭದ ಕೆಲಸವಾಗಿರಲಿಲ್ಲ. ಮಾತು, ಹಾಡು, ವಾದ್ಯ ಎಲ್ಲವನ್ನೂ ಚಿತ್ರೀಕರಣದ ಕ್ಷಣದಲ್ಲಿಯೇ ಮುದ್ರಿಸಿಕೊಳ್ಳಬೇಕು. ಮೈಕು ಮರೆಯಲ್ಲಿ ಎಲ್ಲಿಯೋ ನೇತಾಡುತ್ತಿರುತ್ತದೆ. ನಟ ಅದರಿಂದ ದೂರ ಸರಿದರೆ ಧ್ವನಿ ಕ್ಷೀಣಿಸುತ್ತದೆ, ಎತ್ತರದ ದನಿಯಲ್ಲಿ ಗರ್ಜಿಸಿದರೆ ಒಡೆಯುತ್ತದೆ. ರಂಗದ ಮೇಲೆ ವೇದಿಕೆಯ ಉದ್ದಗಲಕ್ಕೂ ಓಡಾಡಿ ಕೊನೆಯ ಸಾಲಿಗೆ ಮಾತು ಮುಟ್ಟಿಸುತ್ತಿದ್ದ ನಟ ಇಲ್ಲಿ ಗುರುತು ಹಾಕಿದ ನೆಲದ ಮೇಲೆ ನಿಂತು, ಹತ್ತಾರು ಅಡಿ ದೂರದ ಯಂತ್ರಕ್ಕೆ ಅಭಿನಯಿಸಬೇಕಾಯಿತು. ಕನ್ನಡ ನಟರಿಗೆ ಈ ಪಾಠವನ್ನು ಹೇಳಿಕೊಡಬಲ್ಲ ಹಿರಿಯರು ಯಾರೂ ಇರಲಿಲ್ಲ. ಇವರೇ ಮೊದಲಿಗರು.

ಈ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಆದುದರಿಂದ ನಾಗೇಂದ್ರರಾಯರ ಅತ್ಯಂತ ಪ್ರಸಿದ್ಧ ಪಾತ್ರವನ್ನು ಕುರಿತು ಯಾವ ವಿಮರ್ಶಕನೂ ಕಂಡು ಹೇಳುವಂತಿಲ್ಲ. ಅದು ಹೆಸರಿನಿಂದ ಮಾತ್ರ ಬದುಕಿದೆ. ಚಿತ್ರರಂಗದ ಚರಿತ್ರೆ ಬರೆಯುವವರು ಮೊದಲ ನಾಯಕ, ಮೊದಲ ರಾವಣ ಎಂಬ ಬಿರುದುಗಳಲ್ಲಿಯೇ ತೃಪ್ತರಾಗಿ ಮುಂದೆ ಸಾಗುವುದಕ್ಕೆ ಇದೂ ಒಂದು ಕಾರಣವಿರಬೇಕು.

‘ಸತಿ ಸುಲೋಚನಾ’ ಆರು ವಾರಗಳ ಕಾಲ ತುಂಬಿದ ಗೃಹಗಳಲ್ಲಿ ನಡೆದರೂ ಅದರ ಹಿಂದೆಯೇ ಕನ್ನಡ ಚಿತ್ರಗಳ ಸಾಲು ಬರಲಿಲ್ಲ. 1930ರ ದಶಕದಲ್ಲಿ ತಯಾರಾದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಕಾರಣ ಸ್ಪಷ್ಟ. ಕನ್ನಡ ಮಾತನಾಡುವ ಜನ ಆಗ ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ನಿಜಾಮರ ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಮರಾಠಿ ಹಿಂದಿ ಚಿತ್ರಗಳು, ಬಳ್ಳಾರಿಯ ಕಡೆಗೆ ತೆಲುಗು ಚಿತ್ರಗಳು, ಬೆಂಗಳೂರಿನ ದಂಡು ಪ್ರದೇಶಕ್ಕೆ ತಮಿಳು ಮತ್ತು ಇಂಗ್ಲಿಷ್ ಚಿತ್ರಗಳು ಧಾರಾಳವಾಗಿ ಬರುತ್ತಿದ್ದವು. ಕನ್ನಡ ಚಿತ್ರಕ್ಕೆ ಹಾಕಿದ ಹಣ ಮರಳುವ ಭರವಸೆ ಯಾವ ಬಂಡವಾಳಗಾರನಿಗೂ ಇರಲಿಲ್ಲ. ನಾಗೇಂದ್ರರಾಯರೂ ನಾಯ್ಡು ಅವರೂ ಮತ್ತೆ ನಾಟಕ ಮಂಡಳಿಗೆ ಮರಳಿದುದು ಸಹಜವೇ ಆಗಿತ್ತು.

ಅವರನ್ನು ಮತ್ತೆ ತೆರೆಗೆ ತಂದುದು ಮದರಾಸು. ಇಂದಿನ ಚೆನ್ನೈ ಆದ ಆ ನಗರ ಉತ್ತರದಲ್ಲಿ ಎಣ್ಣೂರಿನ ಅಳಿವೆಯ ಕಡೆಗೂ ದಕ್ಷಿಣದಲ್ಲಿ ಅಡ್ಯಾರಿನ ಕಡೆಗೂ ಕಡಲಂಚಿನುದ್ದಕ್ಕೆ ಹಬ್ಬಿದೆ. ಉತ್ತರದ ದಂಡೆ ಬಂದರು, ಕಾರ್ಖಾನೆ, ಮೀನುಗಾರರ ಕುಪ್ಪಗಳ ಪ್ರದೇಶ. ಚಿತ್ರೋದ್ಯಮ ಬೇರೂರಿದುದು ಅದಕ್ಕೆ ದೂರವಾದ ಕೋಡಂಬಾಕ, ವಡಪಳನಿಗಳ ತೋಟದ ಭೂಮಿಯಲ್ಲಿ. ತಮಿಳು ತೆಲುಗು ಚಿತ್ರಗಳ ಲಾಭದಿಂದ ಬೆಳೆದ ಅಲ್ಲಿನ ಸ್ಟುಡಿಯೋಗಳಲ್ಲಿ ಯಂತ್ರಗಳಿದ್ದವು, ತಂತ್ರಜ್ಞರಿದ್ದರು, ರಾಸಾಯನಿಕ ಪ್ರಯೋಗಾಲಯಗಳಿದ್ದವು. ಕನ್ನಡ ಚಿತ್ರಕ್ಕೆ ಬೇಕಾದುದೆಲ್ಲವೂ ಅಲ್ಲಿತ್ತು, ಕನ್ನಡವೊಂದನ್ನು ಬಿಟ್ಟು.

ಪ್ರಗತಿ ಸಂಸ್ಥೆಯ ಎ.ವಿ. ಮೇಯಪ್ಪನ್ ಅವರು ಈ ನಟರ ಸತ್ವವನ್ನು ಗುರುತಿಸಿದರು. ಮೊದಲು ಅವರನ್ನು ಬಳಸಿಕೊಂಡುದು ಕನ್ನಡಕ್ಕಲ್ಲ, ತೆಲುಗಿಗೆ. 1940ರ ತೆಲುಗು ‘ಭೂಕೈಲಾಸ’ದಲ್ಲಿ ಸುಬ್ಬಯ್ಯನಾಯ್ಡು ರಾವಣನಾದರೆ ನಾಗೇಂದ್ರರಾಯರು ನಾರದರಾದರು. ಆ ಚಿತ್ರದ ಯಶಸ್ಸು ಕನ್ನಡಕ್ಕೆ ಬಾಗಿಲು ತೆರೆಯಿತು. 1941ರಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ ‘ವಸಂತಸೇನಾ’ ರಾಮಯ್ಯರ್ ಶಿರೂರ್ ಅವರ ನಿರ್ದೇಶನದಲ್ಲಿ ಬಂದಿತು. ನಾಯ್ಡು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ, ನಾಗೇಂದ್ರರಾಯರು ಶಕಾರ. ಶಕಾರನು ಸಂಸ್ಕೃತ ನಾಟಕ ಸೃಷ್ಟಿಸಿದ ಅತ್ಯಂತ ವಿಚಿತ್ರ ಖಳರಲ್ಲಿ ಒಬ್ಬ. ಅವನು ಮೂರ್ಖ, ಹೇಡಿ, ಪಂಡಿತನಂತೆ ಮಾತನಾಡಲು ಹೋಗಿ ಪುರಾಣಗಳನ್ನೆಲ್ಲ ಕಲಸುಮೇಲೋಗರ ಮಾಡುವವನು. ಆದರೂ ಹೆಣ್ಣೊಬ್ಬಳ ಕತ್ತು ಹಿಸುಕಲು ಹಿಂಜರಿಯದವನು. ನಗಿಸುತ್ತ ನಗಿಸುತ್ತಲೇ ಭಯಪಡಿಸುವ ಈ ಪಾತ್ರಕ್ಕೆ ಗರ್ಜನೆ ಸಾಲದು, ಗರ್ಜನೆ ಬೇಕೂ ಇಲ್ಲ. ಏಳು ವರ್ಷಗಳ ಹಿಂದೆ ರಾವಣನಾದ ನಟ ಈಗ ಅವನ ವಿರುದ್ಧ ಧ್ರುವವನ್ನು ಆರಿಸಿಕೊಂಡಿದ್ದರು. ಅವರ ಶಕಾರ ಬಹುಕಾಲ ಜನರ ನೆನಪಿನಲ್ಲಿ ಉಳಿಯಿತು.

1943ರ ‘ಸತ್ಯ ಹರಿಶ್ಚಂದ್ರ’ಕ್ಕೆ ನಾಗೇಂದ್ರರಾಯರೇ ನಿರ್ದೇಶಕರು, ಮೇಯಪ್ಪನ್ ನಿರ್ಮಾಪಕರು. ಎರಡನೆಯ ಮಹಾಯುದ್ಧದ ಕಾಲವದು. 1942ರಲ್ಲಿ ಜಪಾನೀಯರ ದಾಳಿಯ ಭೀತಿಯಿಂದ ಮದರಾಸಿನ ಜನ ಊರು ಬಿಟ್ಟು ಹೋಗುತ್ತಿದ್ದರು. ಕಚ್ಚಾ ಫಿಲ್ಮಿಗೆ ಅಭಾವವಿತ್ತು. ಅಂಥ ವೇಳೆಯಲ್ಲಿ, ಇಷ್ಟು ಸಣ್ಣ ಮಾರುಕಟ್ಟೆಯ ಭಾಷೆಯಲ್ಲಿ ಚಿತ್ರವೊಂದು ತಯಾರಾದುದೇ ದೊಡ್ಡ ಮಾತು. ಅದಕ್ಕೂ ಮಿಗಿಲಾದ ಸಂಗತಿ ಮರುವರ್ಷ ನಡೆಯಿತು. ಈ ಕನ್ನಡ ಚಿತ್ರದ ಮೇಲೆ ತಮಿಳು ಧ್ವನಿಯನ್ನು ಮುದ್ರಿಸಿ 1944ರಲ್ಲಿ ಬಿಡುಗಡೆ ಮಾಡಲಾಯಿತು. ಭಾರತದಲ್ಲಿ ಹೀಗೆ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಡಬ್ ಆದ ಮೊದಲ ಚಿತ್ರವೆಂದು ಇದನ್ನು ಹೇಳುವುದು ರೂಢಿ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ಚಿತ್ರಗಳ ವಿರುದ್ಧ ಚಳವಳಿ ಹೂಡಿದುದನ್ನು ಬಲ್ಲವರಿಗೆ ಆ ತಂತ್ರದ ಮೊದಲ ಪ್ರಯೋಗ ಕನ್ನಡ ಚಿತ್ರದ ಮೇಲೆಯೇ ನಡೆಯಿತೆಂಬುದು ಸೋಜಿಗವೆನಿಸಬಹುದು. ಅಂದು ಹರಿದುದು ಕನ್ನಡದಿಂದ ಹೊರಕ್ಕೆ. ಕನ್ನಡ ನಟರ ಮುಖಗಳು ತಮಿಳು ನುಡಿದವು. ಅವರ ಕಂಠ ಮಾತ್ರ ಕನ್ನಡಿಗರಿಗೆ ಉಳಿಯಿತು.

1947ರಲ್ಲಿ ನಾಗೇಂದ್ರರಾಯರು ‘ಮಹಾತ್ಮ ಕಬೀರ್’ ನಿರ್ದೇಶಿಸಿದರು. ಪ್ರಧಾನ ಪಾತ್ರ ಸುಬ್ಬಯ್ಯನಾಯ್ಡು ಅವರದು. ಮುಂದೆ ಈ ಇಬ್ಬರ ಹಾದಿಗಳು ಕವಲೊಡೆದವು. ನಾಯ್ಡು ಅವರ ಮನಸ್ಸು ಕೊನೆಯವರೆಗೂ ರಂಗಭೂಮಿಯನ್ನು ಬಿಡಲಿಲ್ಲ. 1962ರಲ್ಲಿ ಅವರು ತೀರಿಕೊಂಡರು. ನಾಗೇಂದ್ರರಾಯರಾದರೋ ಚಿತ್ರವನ್ನೇ ಜೀವನವೃತ್ತಿಯಾಗಿ ಸ್ವೀಕರಿಸಿದರು. ಐವತ್ತು ದಾಟಿದ ವಯಸ್ಸಿನಲ್ಲಿ, ಪರರ ಕರೆಗೆ ಕಾಯುವುದನ್ನು ಬಿಟ್ಟು ಆರ್.ಎನ್.ಆರ್. ಪಿಕ್ಚರ್ಸ್ ಎಂಬ ಸ್ವಂತ ಸಂಸ್ಥೆಯನ್ನು ಆರಂಭಿಸಿದರು. ಅವರ ಬಾಳಿನ ಅತ್ಯಂತ ಸಾಹಸದ, ಅತ್ಯಂತ ಅಪಾಯದ ನಿರ್ಧಾರ ಇದೇ.

1953ರಲ್ಲಿ ಬಂದ ‘ಜಾತಕಫಲ’ ಈ ಸಂಸ್ಥೆಯ ಚಿತ್ರ. ಪುರಾಣದಿಂದ ಹೊರಬಂದು, ಜಾತಕದ ಮೇಲಣ ಕುರುಡು ನಂಬಿಕೆ ಸಂಸಾರವೊಂದರ ಮೇಲೆ ಬೀರುವ ಪರಿಣಾಮವನ್ನು ಅದು ವಸ್ತುವಾಗಿಸಿಕೊಂಡಿತು. ಕನ್ನಡದೊಂದಿಗೆ ತಮಿಳು ತೆಲುಗುಗಳಲ್ಲಿಯೂ ಅದನ್ನು ತಯಾರಿಸಲಾಯಿತು. ಬಹುಭಾಷಾ ಚಿತ್ರವೆಂಬುದರ ಲೆಕ್ಕಾಚಾರ ಹೀಗಿತ್ತು: ಒಂದೇ ಕಥೆ, ಒಂದೇ ಸೆಟ್ಟು, ಒಂದೇ ಬಾಡಿಗೆಯ ಕ್ಯಾಮರಾ, ದೃಶ್ಯವನ್ನು ಒಂದು ಭಾಷೆಯಲ್ಲಿ ತೆಗೆದ ಮೇಲೆ ದೀಪಗಳನ್ನು ಕದಲಿಸದೆ ಇನ್ನೊಂದು ಭಾಷೆಯಲ್ಲಿ ತೆಗೆಯುವುದು, ಅಗತ್ಯವಿದ್ದಲ್ಲಿ ನಟರನ್ನು ಬದಲಾಯಿಸುವುದು. ಸೆಟ್ಟಿನ ಖರ್ಚು ಮೂರಾಗಿ ಹಂಚಿಹೋಗುತ್ತದೆ. ಕನ್ನಡದಲ್ಲಿ ಬರುವ ಕೊರತೆಯನ್ನು ತಮಿಳು, ತೆಲುಗು ತುಂಬಿಕೊಡಬಹುದು. ಸಣ್ಣ ಭಾಷೆಗಳಿಗೆ ವಾಕ್ಚಿತ್ರ ತಂದಿಟ್ಟ ಈ ಸಂಕಟ ಕನ್ನಡಕ್ಕಷ್ಟೇ ಸೀಮಿತವಾದುದಲ್ಲ. 1930ರ ದಶಕದಲ್ಲಿ ಪ್ರಾಗ್ ನಗರದ ಚಿತ್ರೋದ್ಯಮವೂ ಝೆಕ್ ಚಿತ್ರಗಳಿಗೆ ಜರ್ಮನ್ ಆವೃತ್ತಿಗಳನ್ನು ಜೊತೆಜೊತೆಗೇ ತೆಗೆಯುತ್ತಿತ್ತು. ಅಲ್ಲಿನ ಪ್ರಸಿದ್ಧ ಹಾಸ್ಯನಟ ವ್ಲಾಸ್ತಾ ಬೂರಿಯಾನ್ ತನ್ನ ಪಾತ್ರಗಳನ್ನೇ ಜರ್ಮನ್‌ನಲ್ಲಿಯೂ ಅಭಿನಯಿಸಿದ. ಆದರೆ ಆತನಿಗೆ ಪ್ರಾಗ್ ಸ್ವಂತ ಊರು. ನಾಗೇಂದ್ರರಾಯರಿಗೆ ಮದರಾಸು ಪರಸ್ಥಳವಾಗಿತ್ತು.

ಬಹುಭಾಷಾ ಚಿತ್ರಕ್ಕೆ ಕಲೆಯ ದೃಷ್ಟಿಯಿಂದ ದೋಷಗಳೂ ಇವೆ. ಮೂರು ಭಾಷೆಗಳಿಗೂ ಹೊಂದುವ ಮನೆ, ಉಡುಪು, ಬೀದಿಯೆಂದರೆ ಯಾವ ಭಾಷೆಗೂ ಪೂರ್ಣವಾಗಿ ಸೇರದ ಮನೆ, ಉಡುಪು, ಬೀದಿ. ಊರಿನ ಹೆಸರು ಬದಲಾಗುತ್ತದೆ, ಊರು ಬದಲಾಗುವುದಿಲ್ಲ. ನಾಗೇಂದ್ರರಾಯರ ಚಿತ್ರಗಳು ಈ ಮಿತಿಯಿಂದ ಸಂಪೂರ್ಣ ಮುಕ್ತವಾಗಿದ್ದುವೆನ್ನಲಾಗದು. ಆದರೆ ಆ ದಾರಿಯನ್ನು ಬಿಟ್ಟಿದ್ದರೆ ಅವರ ಕನ್ನಡ ಚಿತ್ರಗಳು ತಯಾರಾಗುತ್ತಲೇ ಇರಲಿಲ್ಲವೆಂಬುದನ್ನೂ ಮರೆಯಬಾರದು. ಇದೇ ‘ಜಾತಕಫಲ’ದಲ್ಲಿ ಹಾಡಿದ ತರುಣ ಗಾಯಕ ಪಿ.ಬಿ. ಶ್ರೀನಿವಾಸ್ ಮುಂದೆ ಕನ್ನಡ ಚಿತ್ರಗೀತೆಯ ಒಂದು ಯುಗದ ಕಂಠವಾದರು.

1957ರಲ್ಲಿ ‘ಪ್ರೇಮದ ಪುತ್ರಿ’ ಬಂದಿತು. ರಾಜ್ಯಗಳ ಪುನರ್ವಿಂಗಡಣೆಯಿಂದ ಕನ್ನಡ ನಾಡು ಒಂದಾಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪತಿಗಳ ರಜತ ಪದಕ ಲಭಿಸಿತು. ಈ ಚಿತ್ರವೂ ಮೂರು ಭಾಷೆಗಳಲ್ಲಿ ತಯಾರಾದುದೇ. ಅವರ ಮಗ ಆರ್.ಎನ್. ಜಯಗೋಪಾಲ್ ಗೀತರಚನಕಾರರಾಗಿ ಕಾಲಿಟ್ಟುದು ಈ ಚಿತ್ರದಿಂದಲೇ. ನಾಟಕ ಮಂಡಳಿಯಲ್ಲಿ ಮನೆಮಂದಿಯೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಹೆಗಲು ಕೊಡುವ ಪದ್ಧತಿ ಇತ್ತಷ್ಟೆ. ಅದನ್ನೇ ನಾಗೇಂದ್ರರಾಯರು ಚಿತ್ರರಂಗಕ್ಕೂ ತಂದರು. ಮತ್ತೊಬ್ಬ ಮಗ ಆರ್.ಎನ್. ಕೃಷ್ಣಪ್ರಸಾದ್ ಕ್ಯಾಮರಾ ಹಿಡಿದರು. ಕಿರಿಯರಾದ ಆರ್.ಎನ್. ಸುದರ್ಶನ್ 1961ರ ‘ವಿಜಯನಗರದ ವೀರಪುತ್ರ’ದಲ್ಲಿ ತಂದೆಯ ನಿರ್ದೇಶನದಲ್ಲಿಯೇ ನಾಯಕನಟರಾಗಿ ಪರಿಚಯಗೊಂಡರು. ವಿಶ್ವನಾಥನ್–ರಾಮಮೂರ್ತಿ ಸಂಗೀತ ನೀಡಿದ ಆ ಚಿತ್ರದಲ್ಲಿ ಜಯಗೋಪಾಲರ ಸಾಹಿತ್ಯಕ್ಕೆ ಪಿ.ಬಿ. ಶ್ರೀನಿವಾಸ್ ಕಂಠ ಕೊಟ್ಟ, ವಿಜಯನಗರದ ವೈಭವವನ್ನು ಕೊಂಡಾಡುವ ಗೀತೆ ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ. ಹಂಪೆಯ ಕೀರ್ತಿಯನ್ನು ಹಾಡುವ ಆ ಹಾಡಿಗೆ ಸ್ವರ ಕೂಡಿದುದು ಮದರಾಸಿನಲ್ಲಿ.

ಇಷ್ಟು ಹೊತ್ತಿಗೆ ಕನ್ನಡ ಚಿತ್ರರಂಗದ ಚಹರೆ ಬದಲಾಗಿತ್ತು. 1954ರ ‘ಬೇಡರ ಕಣ್ಣಪ್ಪ’ದಿಂದ ಆರಂಭವಾದ ರಾಜ್‌ಕುಮಾರ್ ಅವರ ಯುಗ ಗಟ್ಟಿಗೊಂಡಿತ್ತು, ವರ್ಷಕ್ಕೆ ಬರುವ ಚಿತ್ರಗಳ ಸಂಖ್ಯೆ ಏರಿತ್ತು. ನಿರ್ಮಾಪಕರಾಗಿ ನಾಗೇಂದ್ರರಾಯರ ಭಾರ ಹಗುರಾಗುತ್ತ ಬಂದಂತೆ ಅವರೊಳಗಿನ ನಟ ಮತ್ತೆ ಮೇಲೆದ್ದನೆನ್ನಬೇಕು. ಎಪ್ಪತ್ತರ ವಯಸ್ಸಿನಲ್ಲಿ ಅವರು ತೆರೆಯ ಮೇಲಿನ ಹಿರಿಯರಾದರು: ಮನೆಯ ಯಜಮಾನ, ತಂದೆ, ಅಜ್ಜ.

ಇವುಗಳಲ್ಲಿ ಎತ್ತಿ ಹೇಳಬೇಕಾದುದು 1968ರ ‘ಹಣ್ಣೆಲೆ ಚಿಗುರಿದಾಗ’. ತ್ರಿವೇಣಿಯವರ ಕಾದಂಬರಿಯನ್ನು ಎಂ.ಆರ್. ವಿಠಲ್ ಚಿತ್ರವಾಗಿಸಿದರು. ರಾಜ್‌ಕುಮಾರ್, ಕಲ್ಪನಾ ಅವರೊಡನೆ ನಾಗೇಂದ್ರರಾಯರದು ಸಂಪ್ರದಾಯನಿಷ್ಠ ತಂದೆಯ ಪಾತ್ರ. ವಿಧವೆಯಾದ ಮಗಳ ಬಾಳಿನ ಮೇಲೆ ತನ್ನ ನೇಮಗಳನ್ನು ಹೇರುವ ಈ ತಂದೆ ಖಳನಲ್ಲ. ಅವನ ಕಾಠಿಣ್ಯದಲ್ಲಿ ಪ್ರೀತಿಯೂ ಭಯವೂ ಬೆರೆತಿವೆ. ಕಂಪನಿ ನಾಟಕದ ಶೈಲಿಯಲ್ಲಿ ಬೆಳೆದ ನಟನಿಗೆ ಇಂಥ ಪಾತ್ರವನ್ನು ದನಿಯೇರಿಸಿ ಕೆಡಿಸುವುದು ಬಹು ಸುಲಭ. ನಾಗೇಂದ್ರರಾಯರು ಹಾಗೆ ಮಾಡಲಿಲ್ಲ. ಮಾತಿನ ಸ್ಪಷ್ಟತೆ ಹಿಂದಿನದೇ. ಆದರೆ ಪ್ರಮಾಣ ತಗ್ಗಿದೆ, ನಿಲುಗಡೆಗಳು ಹೆಚ್ಚಿವೆ. ಮೂವತ್ತನಾಲ್ಕು ವರ್ಷಗಳ ಹಿಂದೆ ಯಂತ್ರಕ್ಕೆ ಹೊಂದಿಕೊಳ್ಳಲು ಆರಂಭಿಸಿದ ಕಲಿಕೆ ಇಲ್ಲಿ ಪಕ್ವಗೊಂಡಿದೆ. ಮಾವನಾಗಿ ಸೊಸೆಯ ವೈಧವ್ಯವನ್ನು ಕಂಡ ರಾವಣನ ಪಾತ್ರ ನಷ್ಟವಾಗಿರುವಾಗ, ಮಗಳ ವೈಧವ್ಯವನ್ನು ಕಾಣುವ ಈ ತಂದೆಯ ಪಾತ್ರ ಉಳಿದಿರುವುದು ನಮ್ಮ ಅದೃಷ್ಟ. ಇದಕ್ಕಾಗಿ ಅವರಿಗೆ ಪೋಷಕ ನಟ ರಾಜ್ಯಪ್ರಶಸ್ತಿ ಸಂದಿತು. ಅದೇ ಚಿತ್ರಕ್ಕೆ ಜಯಗೋಪಾಲರೂ ಹಾಡು ಬರೆದರು. ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ಕ್ಕೆ ಕೃಷ್ಣಪ್ರಸಾದರು ಛಾಯಾಗ್ರಹಣ ಮಾಡಿದ್ದರು, ಅದೂ ತ್ರಿವೇಣಿಯವರದೇ ಕಥೆ.

ಇಳಿವಯಸ್ಸಿನಲ್ಲಿಯೂ ಅವರು ನಿರ್ದೇಶನವನ್ನು ಬಿಡಲಿಲ್ಲ. 1969ರಲ್ಲಿ ‘ನಮ್ಮ ಮಕ್ಕಳು’, 1970ರಲ್ಲಿ ‘ನಾಡಿನ ಭಾಗ್ಯ’ ಬಂದವು. ತಮ್ಮ ಅನುಭವವನ್ನು ‘ಇದು ನನ್ನ ಕಥೆ’ ಎಂಬ ಆತ್ಮಕಥೆಯಲ್ಲಿ ದಾಖಲಿಸಿದರು. ಇತ್ತ ಮೈಸೂರು ಸರ್ಕಾರ 1960ರ ದಶಕದ ಕೊನೆಯ ಭಾಗದಿಂದ ರಾಜ್ಯದೊಳಗೆ ತಯಾರಾಗುವ ಚಿತ್ರಗಳಿಗೆ ಸಹಾಯಧನ ನೀಡತೊಡಗಿತ್ತು. ಹೊರಾಂಗಣ ಚಿತ್ರೀಕರಣದ ರೂಢಿ ಬೆಳೆಯಿತು. ಉದ್ಯಮ ನಿಧಾನವಾಗಿ ಮದರಾಸಿನಿಂದ ಬೆಂಗಳೂರಿನತ್ತ ಸರಿಯತೊಡಗಿತು. ನಲವತ್ತು ವರ್ಷಗಳ ಹಿಂದೆ ಸ್ಟುಡಿಯೋ ಅರಸಿ ಕೊಲ್ಲಾಪುರಕ್ಕೆ ಹೊರಟ ತಂಡದಲ್ಲಿದ್ದವರು ಈ ಮರುಪ್ರಯಾಣದ ಆರಂಭವನ್ನೂ ಕಣ್ಣಾರೆ ಕಂಡರು. 1976ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಮರುವರ್ಷ, 1977ರ ಫೆಬ್ರವರಿ 9ರಂದು, ಎಂಬತ್ತು ವರ್ಷ ದಾಟಿದ್ದ ನಾಗೇಂದ್ರರಾಯರು ನಿಧನ ಹೊಂದಿದರು.

ಅವರ ಜೊತೆಗಾರ ಸುಬ್ಬಯ್ಯನಾಯ್ಡು ಅವರ ಮಗ ಲೋಕೇಶ್ 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಿಂದ ಹೆಸರು ಮಾಡಿದರು. ಅದರ ಹೊಲ, ಹಳ್ಳಿ, ನೆರೆ ಯಾವುದೂ ಮೂರು ಭಾಷೆಗಳಿಗೆ ಹೊಂದುವಂತೆ ಹಾಕಿದ ಸೆಟ್ಟಲ್ಲ. ಜಯಗೋಪಾಲ್ 2008ರವರೆಗೂ, ಸುದರ್ಶನ್ 2017ರವರೆಗೂ ಬದುಕಿದ್ದು ಕನ್ನಡ ಚಿತ್ರಗಳಿಗಾಗಿ ದುಡಿದರು.